ಏರಿಳಿಯುವ ಎಂಜಿನ್, ನಡುವೆ ನಿಲ್ಲುವ ಕಳೆ ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡಿಕೆ ತೋಟದ ಹುಲ್ಲು ಹೊಡೆಯಲು ನಾಲ್ಕು ವರ್ಷಗಳ ಹಿಂದೆ ಹೆಗಲಿಗೆ ನೇತುಹಾಕಿಕೊಳ್ಳುವ, ಟೂ-ಸ್ಟ್ರೋಕ್ ಎಂಜಿನ್‌ನ ಕಳೆ ಕತ್ತರಿಸುವ ಯಂತ್ರವನ್ನು ಕೊಂಡಿದ್ದೆವು. ಕಳೆದ ವರ್ಷದವರೆಗೆ ಯಾವ ತಕರಾರೂ ಇರಲಿಲ್ಲ. ಈ ಬಾರಿ ಕೊಯ್ಲಿಗೆ ಮುಂಚೆ ತೋಟ ಸ್ವಚ್ಛ ಮಾಡಲು ಹೊರತೆಗೆದಾಗ ಬಹಳ ಸಲ ಹಗ್ಗ ಎಳೆದ ಮೇಲಷ್ಟೇ ಶುರುವಾಯಿತು. ಶುರುವಾದ ಮೇಲೂ ಸದ್ದು ಒಂದೇ ಸಮನೆ ಇಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದರೂ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಕೆಲಸ ಮಾಡಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಓಡುತ್ತದೆ. ಹೊಸ ಪ್ಲಗ್ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ನ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?
— ಅಡಿಕೆ ಬೆಳೆಗಾರರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಸ್ಕ್ರೂಗೆ ಸದ್ಯಕ್ಕೆ ಕೈ ಹಾಕಬೇಡಿ. ನಾಲ್ಕು ವರ್ಷ ಸರಿಯಾಗಿ ಓಡಿದ ಎಂಜಿನ್‌ನ ಸ್ಕ್ರೂ ಕಪಾಟಿನಲ್ಲಿ ಕುಳಿತಲ್ಲೇ ತಾನಾಗಿ ತಿರುಗಿರುವುದಿಲ್ಲ. ಬದಲಾಗಿರುವುದು ಬೇರೆ ಏನೋ ಇದೆ, ಅದನ್ನು ಹುಡುಕಬೇಕು. ಹುಡುಕಲು ಬೇಕಾದ ಮುಖ್ಯ ಸುಳಿವನ್ನು ನೀವೇ ಬರೆದಿದ್ದೀರಿ: ಯಂತ್ರ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಸಣ್ಣ ಎಂಜಿನ್‌ಗಳ ವಿಚಾರದಲ್ಲಿ ಅದು ಯಾವಾಗ ನಿಂತಿತು, ಹೇಗೆ ನಿಂತಿತು ಎನ್ನುವುದು ಅರ್ಧ ಪರೀಕ್ಷೆಯನ್ನು ಮುಗಿಸಿಕೊಡುತ್ತದೆ. ಆದ್ದರಿಂದ ಮೊದಲು ಯಂತ್ರವನ್ನು ಬಿಚ್ಚದೆ ಒಮ್ಮೆ ಓಡಿಸಿ, ನಿಲ್ಲುವ ಕ್ಷಣವನ್ನು ಗಮನಿಸಿ. ಉಸಿರು ಕಟ್ಟಿದಂತೆ ನಿಧಾನವಾಗಿ ಕುಗ್ಗುತ್ತಾ, ತಡವರಿಸುತ್ತಾ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿಯಿರಿ. ಸ್ವಿಚ್ ಆಫ್ ಮಾಡಿದ ಹಾಗೆ ಥಟ್ಟನೆ ನಿಂತರೆ ಕಿಡಿ ತಪ್ಪುತ್ತಿದೆ ಎಂದು ಅನುಮಾನಿಸಿ.

ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ. ಗಾಳಿ ಒಳಗೆ ನುಗ್ಗುವ 'ಸ್' ಎಂಬ ಸದ್ದು ಕೇಳಿ, ಆನಂತರ ಎಂಜಿನ್ ಒಂದೆರಡು ಎಳೆತಕ್ಕೇ ಶುರುವಾದರೆ ರೋಗ ಸಿಕ್ಕಿತು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ, ಕೆಲವು ಯಂತ್ರಗಳಲ್ಲಿ ಟ್ಯಾಂಕಿನ ಬದಿಯ ಸಣ್ಣ ಕೊಳವೆಯ ತುದಿಯಲ್ಲಿ, ಒಂದು ಕಿರಿದಾದ ಗಾಳಿಕಿಂಡಿ ಇರುತ್ತದೆ. ಅದು ಕಟ್ಟಿಕೊಂಡರೆ, ಬಾಟಲಿಯ ಬಾಯಿಯನ್ನು ತುಟಿಯಿಂದ ಪೂರ್ತಿ ಮುಚ್ಚಿ ನೀರು ಹೀರಲು ಹೊರಟಂತೆ, ಎಂಜಿನ್ ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟಾಗ ಸಂದಿಗೊಂದಿಗಳಿಂದ ಗಾಳಿ ನಿಧಾನವಾಗಿ ಸೇರಿಕೊಳ್ಳುವುದರಿಂದ ಯಂತ್ರ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಈ ಕಿಂಡಿ ಕಟ್ಟಿಕೊಳ್ಳಲು ಹುಲ್ಲಿನ ಪುಡಿ ಮತ್ತು ಎಣ್ಣೆಯ ಜಿಗುಟು ಮಾತ್ರ ಕಾರಣವಲ್ಲ. ತಿಂಗಳುಗಟ್ಟಲೆ ಮಾಡಿನ ಕೆಳಗೆ ತೂಗಿಬಿಟ್ಟ ಯಂತ್ರದ ಯಾವುದೇ ಸಣ್ಣ ತೂತೂ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಒಳ್ಳೆಯ ಜಾಗ. ಮುಚ್ಚಳವನ್ನು ಪೂರ್ತಿ ಕಳಚಿ ಪೆಟ್ರೋಲಿನಲ್ಲಿ ತೊಳೆದು, ಬಾಯಿಯಿಂದ ಊದದೆ, ಸೈಕಲ್ ಪಂಪಿನ ಗಾಳಿ ಹಾಯಿಸಿ. ಗಾಳಿ ಹೋಗದಿದ್ದರೆ ಹೊಸ ಮುಚ್ಚಳ ಹಾಕಿ; ಸೂಜಿಯಿಂದ ಚುಚ್ಚಿ ಕಿಂಡಿಯನ್ನು ದೊಡ್ಡದು ಮಾಡಿದರೆ ಯಂತ್ರ ವಾಲಿದಾಗ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲುತ್ತದೆ, ಅದು ಅಪಾಯ.

ಮುಚ್ಚಳ ಸಡಿಲಿಸಿಯೂ ಫಲ ಕಾಣದಿದ್ದರೆ, ಯಂತ್ರ ಇನ್ನೂ ಬಿಸಿಯಾಗಿರುವಾಗಲೇ ಕಿಡಿಯನ್ನು ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಕಿಡಿ ಚೆನ್ನಾಗಿಯೇ ಇರುತ್ತದೆ, ಎಲ್ಲರೂ ಮೋಸಹೋಗುವುದು ಇಲ್ಲೇ. ಪ್ಲಗ್ ಬಿಚ್ಚಿ, ಅದನ್ನು ಮತ್ತೆ ಅದರ ಟೋಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಪ್ಲಗ್ ರಂಧ್ರದಿಂದ ದೂರದಲ್ಲಿ ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಿಡಿದು, ಸ್ವಿಚ್ ಆನ್ ಇರಿಸಿ ಹಗ್ಗ ಎಳೆಯಿರಿ. ಹಿಡಿಯುವುದು ರಬ್ಬರ್ ಟೋಪಿಯನ್ನು, ಲೋಹವನ್ನಲ್ಲ. ಸುತ್ತ ಚೆಲ್ಲಿದ ಪೆಟ್ರೋಲ್ ಇರಕೂಡದು. ನೀಲಿ ಬಣ್ಣದ ಗಟ್ಟಿ ಕಿಡಿ ಕಂಡರೆ ಆ ಕಡೆಯ ಚಿಂತೆ ಬಿಡಿ. ಕಿಡಿ ಇಲ್ಲದಿದ್ದರೆ ಕೂಡಲೇ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಬದಲಿಸಲು ಹೊರಡಬೇಡಿ. ಕಳೆ ಯಂತ್ರದಲ್ಲಿ ಎಂಜಿನ್‌ನಿಂದ ಹಿಡಿಕೆಯ ಸ್ವಿಚ್ಚಿನವರೆಗೆ ಉದ್ದನೆಯ ತಂತಿಯೊಂದು ಕೊಳವೆಯ ಪಕ್ಕದಲ್ಲಿ ಹೋಗುತ್ತದೆ. ಆ ತಂತಿ ಲೋಹಕ್ಕೆ ತಾಗಿದರೆ ಎಂಜಿನ್ ನಿಲ್ಲಬೇಕು, ಸ್ವಿಚ್ ಮಾಡುವ ಕೆಲಸವೇ ಅದು. ವರ್ಷಗಳ ಅದುರಿಕೆಯಿಂದ, ಅಥವಾ ಇಲಿ ಕಡಿದು, ಅದರ ಹೊದಿಕೆ ಒಂದು ಕಡೆ ಸವೆದಿದ್ದರೆ ಯಂತ್ರ ಅಲುಗಾಡಿದಾಗಲೆಲ್ಲ ಸ್ವಿಚ್ ಮುಟ್ಟದೆಯೇ ಕಿಡಿ ತಪ್ಪುತ್ತದೆ. ಎಂಜಿನ್ ಬಳಿಯ ಜೋಡಣೆಯಲ್ಲಿ ಆ ತಂತಿಯನ್ನು ಬಿಡಿಸಿಟ್ಟು ಮತ್ತೆ ಕಿಡಿ ನೋಡಿ. ಬಂದರೆ ತಂತಿಯದ್ದೇ ದೋಷ. ಒಂದು ಗೇಣು ಇನ್ಸುಲೇಷನ್ ಟೇಪು ಸಾಕು. ಇಷ್ಟಾದರೂ ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದಾಗ ಇದೆ ಎಂದಾದರೆ ಮಾತ್ರ ಇಗ್ನಿಷನ್ ಕಾಯಿಲ್‌ನ ಒಳಗಿನ ಸುತ್ತು ಕಾವಿಗೆ ಬಿಟ್ಟುಕೊಳ್ಳುತ್ತಿದೆ ಎಂದರ್ಥ. ಅದನ್ನು ರಿಪೇರಿ ಮಾಡಲಾಗದು, ಬದಲಿಸಬೇಕು. ಹೊಸದನ್ನು ಕೂರಿಸುವಾಗ ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲ್‌ನ ಅಯಸ್ಕಾಂತಕ್ಕೂ ಕಾಯಿಲ್‌ಗೂ ನಡುವೆ ಸಾಮಾನ್ಯವಾಗಿ 0.3 ಮಿಲಿಮೀಟರ್ ಆಸುಪಾಸಿನ ಅಂತರ ಇರಬೇಕು; ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ಇರಿಸಿ ಸ್ಕ್ರೂ ಬಿಗಿದು, ಕಾರ್ಡನ್ನು ಎಳೆದು ತೆಗೆಯುವುದು ಮೆಕ್ಯಾನಿಕ್‌ಗಳ ರೂಢಿ.

ಇನ್ನು ಸದ್ದು ಏರಿಳಿಯುವ ವಿಚಾರ. ಇದು ಬಹುಮಟ್ಟಿಗೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬ ಸ್ಥಿತಿಯ ಲಕ್ಷಣ. ಖಚಿತಪಡಿಸಿಕೊಳ್ಳಲು ಒಂದು ಸುಲಭದ ದಾರಿ ಇದೆ. ಎಂಜಿನ್ ಏರಿಳಿಯುತ್ತಿರುವಾಗ, ಒಳಹೋಗುವ ಗಾಳಿಯನ್ನು ತಡೆಯುವ ಚೋಕನ್ನು ಅರ್ಧದಷ್ಟು ಮುಚ್ಚಿ. ಸದ್ದು ಸಮನಾದರೆ ಎಂಜಿನ್ ಪೆಟ್ರೋಲಿಗಾಗಿ ಹಸಿದಿದೆ ಎಂದು ಸಾಬೀತಾಯಿತು. ಇನ್ನಷ್ಟು ಹೊಗೆ ಕಾರಿ ಕುಗ್ಗಿದರೆ ಪೆಟ್ರೋಲ್ ಆಗಲೇ ಹೆಚ್ಚಾಗಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿರಬೇಕು. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ಹಿಂಡಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ.

ಹಸಿವು ಎಂದು ತಿಳಿದರೆ ಪೆಟ್ರೋಲ್ ಬರುವ ದಾರಿಯಲ್ಲೇ ಟ್ಯಾಂಕಿನಿಂದ ಮುಂದೆ ಹೋಗಿ. ಕಾರ್ಬ್ಯುರೇಟರ್ ಬಳಿ ಬೆರಳಿನಿಂದ ಒತ್ತುವ ರಬ್ಬರ್ ಗುಂಡಿ ಬಹಳ ವಿಷಯ ಹೇಳುತ್ತದೆ. ಒತ್ತಿ ಬಿಟ್ಟಾಗ ಅದು ಮೇಲೇಳದೆ ಚಪ್ಪಟೆಯಾಗಿಯೇ ಉಳಿದರೆ ಹಿಂದೆ ಎಲ್ಲೋ ದಾರಿ ಕಟ್ಟಿದೆ. ಎಷ್ಟು ಒತ್ತಿದರೂ ಗುಳ್ಳೆಗಳೇ ಬರುತ್ತಿದ್ದರೆ ಕೊಳವೆ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಟ್ಯಾಂಕಿನೊಳಗೆ ಕೊಳವೆಯ ತುದಿಗೆ ಸಣ್ಣ ಫಿಲ್ಟರ್ ಇರುತ್ತದೆ. ಕೊಕ್ಕೆ ಮಾಡಿದ ತಂತಿಯಿಂದ ಅದನ್ನು ಬಾಯಿಯ ಮೂಲಕ ಹೊರಗೆಳೆಯಬಹುದು. ಅದು ಕಪ್ಪಾಗಿದ್ದರೆ ತೊಳೆಯುತ್ತ ಕೂರಬೇಡಿ, ಹೊಸದು ಹಾಕಿ, ಬೆಲೆ ಬಹಳ ಕಡಿಮೆ. ಕೊಳವೆ ಗಟ್ಟಿಯಾಗಿದೆಯೇ ಎಂದೂ ಬಾಗಿಸಿ ನೋಡಿ. ಫಿಲ್ಟರಿನ ತೂಕಕ್ಕೆ ಕೊಳವೆ ಮಣಿದು, ಯಂತ್ರ ಯಾವ ಕಡೆ ವಾಲಿದರೂ ಪೆಟ್ರೋಲ್ ಇರುವ ಕಡೆಗೇ ಹೋಗಬೇಕು. ಸೆಟೆದ ಕೊಳವೆ ಹಾಗೆ ಮಣಿಯುವುದಿಲ್ಲ. ಸಮತಟ್ಟಿನಲ್ಲಿ ಓಡುವ ಯಂತ್ರ ಗುಡ್ಡದ ಇಳಿಜಾರಿನಲ್ಲಿ, ಧರೆಯ ಹುಲ್ಲು ಹೊಡೆಯುವಾಗ ಮಾತ್ರ ನಿಂತರೆ ಇದನ್ನೇ ಮೊದಲು ಶಂಕಿಸಬೇಕು.

ಇವೆಲ್ಲ ಸರಿಯಿದ್ದೂ ಹಸಿವು ನೀಗದಿದ್ದರೆ ಕಾರ್ಬ್ಯುರೇಟರ್ ಬಿಚ್ಚುವ ಸರದಿ. ಹೆಗಲ ಮೇಲಿನ ಯಂತ್ರ ಎಲ್ಲ ಕಡೆಗೂ ವಾಲುವುದರಿಂದ ಬೈಕಿನಲ್ಲಿರುವ ಹಾಗೆ ತೇಲುಗುಂಡು ಇರುವ ಕಾರ್ಬ್ಯುರೇಟರ್ ಇದಕ್ಕೆ ಒಗ್ಗುವುದಿಲ್ಲ. ಇಲ್ಲಿ ತೆಳುವಾದ ಡಯಾಫ್ರಾಮ್ ಪೊರೆಗಳು ಮಿಡಿದು ಪೆಟ್ರೋಲನ್ನು ಅಳೆದು ಕೊಡುತ್ತವೆ. ಆರು ತಿಂಗಳು ಪೆಟ್ರೋಲಿನೊಂದಿಗೆ ಹಾಗೆಯೇ ಬಿಟ್ಟ ಯಂತ್ರದಲ್ಲಿ ಪೆಟ್ರೋಲ್ ಆರಿ, ಎಣ್ಣೆ ಅಂಟಾಗಿ ಉಳಿದು, ಈ ಪೊರೆ ಸೆಟೆದುಕೊಳ್ಳುತ್ತದೆ, ಒಳಗಿನ ಸಣ್ಣ ಜಾಲರಿ ಕಟ್ಟಿಕೊಳ್ಳುತ್ತದೆ. ನಿಮ್ಮ ಯಂತ್ರ ಮೊದಲ ದಿನ ಶುರುವಾಗಲು ಅಷ್ಟು ಸತಾಯಿಸಿದ್ದನ್ನು ನೋಡಿದರೆ ಈ ಸಾಧ್ಯತೆಯನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಮುಚ್ಚಳ ತೆಗೆದಾಗ ಪೊರೆ ಮೆತ್ತಗಿರಬೇಕು. ಬೆರಳು ತಾಗಿಸಿದರೆ ಚಟಪಟ ಎನ್ನುವಂತಿದ್ದರೆ ಡಯಾಫ್ರಾಮ್ ಕಿಟ್ ತಂದು ಪೂರ್ತಿ ಬದಲಿಸಿ. ಪೊರೆ ಮತ್ತು ಗ್ಯಾಸ್ಕೆಟ್‌ಗಳು ಯಾವ ಕ್ರಮದಲ್ಲಿ ಕುಳಿತಿವೆ ಎಂಬುದು ಬಹಳ ಮುಖ್ಯ, ಅದಲುಬದಲಾದರೆ ಎಂಜಿನ್ ಶುರುವೇ ಆಗದು. ಆದ್ದರಿಂದ ಪ್ರತಿ ಪದರ ತೆಗೆಯುವಾಗಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಪೊರೆಗಳನ್ನು ತೆಗೆಯದೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಹರಿಯುತ್ತವೆ. ಮತ್ತೆ ಜೋಡಿಸುವಾಗ ಕಾರ್ಬ್ಯುರೇಟರನ್ನು ಸಿಲಿಂಡರಿಗೆ ಹಿಡಿದಿಡುವ ಎರಡು ಬೋಲ್ಟುಗಳನ್ನು ಸಮನಾಗಿ ಬಿಗಿಯಿರಿ. ಅವು ಅದುರಿ ಸಡಿಲವಾಗಿ, ಸಂದಿಯಿಂದ ಗಾಳಿ ನುಗ್ಗಿದರೂ ಇದೇ ಏರಿಳಿತ ಬರುತ್ತದೆ.

ಈಗ ಸ್ಕ್ರೂ ವಿಚಾರಕ್ಕೆ ಬರೋಣ. ಟೂ-ಸ್ಟ್ರೋಕ್ ಎಂಜಿನ್‌ಗೆ ಪ್ರತ್ಯೇಕ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ (ಟೂ-ಸ್ಟ್ರೋಕ್) ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ದಕ್ಕುವ ಜಿಡ್ಡು. ವೇಗದ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದಾಗ ಎಂಜಿನ್ ಮೊದಲಿಗಿಂತ ಚುರುಕಾಗಿ ಕೂಗುತ್ತದೆ. ಕೇಳಿದವರಿಗೆ ಸರಿಹೋಯಿತು ಎನಿಸುತ್ತದೆ. ಆದರೆ ಪೆಟ್ರೋಲ್ ಕಡಿಮೆಯಾದಷ್ಟೂ ಎಣ್ಣೆಯೂ ಕಡಿಮೆಯಾಗಿ, ಕಾವು ಏರಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕಟ್ಟಿದ ಫಿಲ್ಟರಿನ ದೋಷವನ್ನು ಸ್ಕ್ರೂ ಹೊರಗೆ ತಿರುಗಿಸಿ ಮುಚ್ಚಿಹಾಕಿದರೂ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಮೇಲಿನದ್ದೆಲ್ಲ ಮುಗಿದ ಮೇಲೂ ತಿರುಗಿಸಲೇಬೇಕಾದರೆ, ಮೊದಲು ಸ್ಕ್ರೂವನ್ನು ಒಳಕ್ಕೆ ಮೆಲ್ಲಗೆ ತಾಗುವವರೆಗೆ ತಿರುಗಿಸಿ ಎಷ್ಟು ಸುತ್ತಾಯಿತೆಂದು ಬರೆದಿಟ್ಟುಕೊಳ್ಳಿ. ಆಗ ಇದ್ದ ಜಾಗಕ್ಕೆ ಹಿಂದಿರುಗುವ ದಾರಿ ಉಳಿಯುತ್ತದೆ.

ಒಂದು ಮಾತು ಬಿಟ್ಟುಹೋಗಬಾರದು. ಆಯಿಲ್ ಜಾಸ್ತಿ ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಎಂದು ಕೈಯಳತೆಯಲ್ಲಿ ಸುರಿಯುವ ಅಭ್ಯಾಸ ಇದ್ದರೆ ಸೈಲೆನ್ಸರ್ ಬಿಚ್ಚಿ ನೋಡಿ. ಒಳಗಿನ ಕಿಡಿತಡೆಯ ಜಾಲರಿ ಮಸಿಯಿಂದ ಮುಚ್ಚಿಹೋಗಿದ್ದರೆ ಎಂಜಿನ್ ಬಿಸಿಯೇರಿದಂತೆ ಸೊರಗಿ ನಿಲ್ಲುತ್ತದೆ. ಜಾಲರಿಯನ್ನು ತಂತಿಬ್ರಶ್ಶಿನಿಂದ ಉಜ್ಜಿ ಮತ್ತೆ ಹಾಕಿ, ತೆಗೆದು ಎಸೆಯಬೇಡಿ; ಒಣ ದರಕಿನ ನಡುವೆ ಕೆಲಸ ಮಾಡುವ ಯಂತ್ರಕ್ಕೆ ಅದು ಬೇಕೇ ಬೇಕು.

ಪ್ರಶ್ನೆ: ನಮ್ಮ ಶಾಲೆಯ ಮೈದಾನದ ಹುಲ್ಲು ಕತ್ತರಿಸಲು ತಳ್ಳಿಕೊಂಡು ಹೋಗುವ ಫೋರ್-ಸ್ಟ್ರೋಕ್ ಲಾನ್‌ಮೂವರ್ ಇದೆ. ನಿಂತಲ್ಲಿ ಓಡಿಸಿದರೆ ಸದ್ದು ಒಂದೆರಡು ಸೆಕೆಂಡಿಗೊಮ್ಮೆ ಅಲೆಯಂತೆ ಏರುತ್ತದೆ, ಇಳಿಯುತ್ತದೆ. ದಟ್ಟ ಹುಲ್ಲಿಗೆ ಹೋದರೆ ನಿಂತೇಹೋಗುತ್ತದೆ. ಕಳೆದ ತಿಂಗಳು ಅಂಚಿನ ಕಲ್ಲಿಗೆ ಬ್ಲೇಡ್ ಬಡಿದಿತ್ತು. ಎರಡಕ್ಕೂ ಸಂಬಂಧ ಇದೆಯೇ?
— ಶಾಲೆಯೊಂದರ ದೈಹಿಕ ಶಿಕ್ಷಕರು, ಮೈಸೂರು

ಉತ್ತರ: ಇರಲೂಬಹುದು, ಇಲ್ಲದಿರಲೂಬಹುದು. ಕಲ್ಲಿಗೆ ಬಡಿದ ದಿನದಿಂದಲೇ ತೊಂದರೆ ಶುರುವಾಯಿತೇ ಎಂದು ಯಂತ್ರ ನಡೆಸುವವರನ್ನು ಕೇಳಿ. ಹೌದು ಎಂದಾದರೆ ಕಾರ್ಬ್ಯುರೇಟರಿಗಿಂತ ಮೊದಲು ಫ್ಲೈವೀಲ್‌ನ ಕೀ ನೋಡಬೇಕು. ಫ್ಲೈವೀಲ್ ಮತ್ತು ಕ್ರ್ಯಾಂಕ್ ಶಾಫ್ಟಿನ ನಡುವೆ ಒಂದು ಸಣ್ಣ ಲೋಹದ ತುಂಡು ಇರುತ್ತದೆ. ಹಲವು ಲಾನ್‌ಮೂವರ್‌ಗಳಲ್ಲಿ ಅದನ್ನು ಮೃದು ಲೋಹದಿಂದಲೇ ಮಾಡಿರುತ್ತಾರೆ. ಬ್ಲೇಡ್ ಥಟ್ಟನೆ ನಿಂತಾಗ ಅದು ಜಜ್ಜಿ ಅಥವಾ ತುಂಡಾಗಿ ಫ್ಲೈವೀಲ್ ಕೊಂಚ ಸರಿಯುತ್ತದೆ. ಆಗ ಕಿಡಿ ಬೀಳಬೇಕಾದ ಹೊತ್ತೇ ತಪ್ಪುತ್ತದೆ. ಹಗ್ಗ ಎಳೆದರೆ ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಜಗ್ಗುವುದು, ಪಟಪಟ ಸಿಡಿಯುವುದು, ಶಕ್ತಿ ಇಲ್ಲದಿರುವುದು ಇದರ ಗುರುತುಗಳು. ಬ್ಲೇಡಿನ ಬೋಲ್ಟ್ ಸಡಿಲವಾಗಿದ್ದರೂ ಹೀಗಾಗಬಹುದು, ಏಕೆಂದರೆ ಇಂಥ ಯಂತ್ರಗಳಲ್ಲಿ ಬ್ಲೇಡಿನ ತೂಕವೂ ಫ್ಲೈವೀಲಿಗೆ ಜೊತೆಗೂಡುತ್ತದೆ. ಆದರೆ ಇದನ್ನೆಲ್ಲ ಮುಟ್ಟುವ ಮುನ್ನ ಪ್ಲಗ್ಗಿನ ಟೋಪಿ ಕಿತ್ತು ದೂರ ಇರಿಸಿ. ಮಕ್ಕಳು ಓಡಾಡುವ ಜಾಗದಲ್ಲಿ ಈ ಎಚ್ಚರವನ್ನು ಒಮ್ಮೆಯೂ ಬಿಡಬಾರದು. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಬಿಸಿ ಎಂಜಿನ್ ಶುರುವಾಗಿಬಿಡುವ ಸಾಧ್ಯತೆ ಇದೆ.

ಆದರೂ ನೀವು ವಿವರಿಸಿದ ಅಲೆಯಂಥ ಸದ್ದು ಹೆಚ್ಚಾಗಿ ಕಾರ್ಬ್ಯುರೇಟರಿನ ಕಡೆಗೇ ಕೈ ತೋರಿಸುತ್ತದೆ. ಲಾನ್‌ಮೂವರ್ ಎಂಜಿನ್‌ನ ವೇಗವನ್ನು ಒಂದೇ ಮಟ್ಟದಲ್ಲಿ, ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತಿನ ಆಸುಪಾಸಿನಲ್ಲಿ, ಕಾಯಲು ಗವರ್ನರ್ ಇರುತ್ತದೆ. ವೇಗ ಇಳಿದರೆ ಅದು ಥ್ರಾಟಲ್ (ಎಂಜಿನ್ನಿಗೆ ಹೋಗುವ ಮಿಶ್ರಣದ ಬಾಗಿಲು) ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಕಡಿಮೆ ತೆರೆದಾಗ ಪೆಟ್ರೋಲ್ ಕೊಡಬೇಕಾದ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ಕಿರುತೂತಿನ ಭಾಗ) ಕಟ್ಟಿಕೊಂಡಿದ್ದರೆ ಎಂಜಿನ್ ಹಸಿದು ಕುಗ್ಗುತ್ತದೆ. ಗವರ್ನರ್ ಗಾಬರಿಯಾಗಿ ಥ್ರಾಟಲ್ ತೆರೆಯುತ್ತದೆ, ದೊಡ್ಡ ಜೆಟ್ಟಿನಿಂದ ಪೆಟ್ರೋಲ್ ಬಂದು ವೇಗ ಜಿಗಿಯುತ್ತದೆ, ಗವರ್ನರ್ ಮತ್ತೆ ಮುಚ್ಚುತ್ತದೆ, ಮತ್ತೆ ಹಸಿವು. ಈ ಹಗ್ಗಜಗ್ಗಾಟವೇ ನೀವು ಕೇಳುತ್ತಿರುವ ಅಲೆ. ಇಲ್ಲಿ ಗವರ್ನರಿನದ್ದು ತಪ್ಪಿಲ್ಲದಿರುವುದರಿಂದ ಅದರ ಸ್ಪ್ರಿಂಗನ್ನು ಎಳೆದು, ಬಗ್ಗಿಸಿ, ಬೇರೆ ತೂತಿಗೆ ಸಿಕ್ಕಿಸುವ ಪ್ರಯೋಗ ಬೇಡ. ವೇಗ ಮಿತಿಮೀರಿದರೆ ಬ್ಲೇಡ್ ಸಿಡಿಯುವ ಅಪಾಯವಿದೆ. ಮೇಲಿನ ಉತ್ತರದಲ್ಲಿ ಹೇಳಿದ ಚೋಕ್ ಪರೀಕ್ಷೆಯನ್ನು ಇಲ್ಲಿಯೂ ಮಾಡಿ. ಅರ್ಧ ಚೋಕಿನಲ್ಲಿ ಅಲೆ ನಿಂತರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬ್ಯುರೇಟರಿನ ತಳದ ಬಟ್ಟಲನ್ನು ಬಿಚ್ಚಿ ಬಿಳಿ ಪಾತ್ರೆಗೆ ಬಗ್ಗಿಸಿ. ನೀರಿನ ಹನಿಗಳು ಪೆಟ್ರೋಲಿನ ಅಡಿಯಲ್ಲಿ ಗುಂಡುಗುಂಡಾಗಿ ಕಾಣುತ್ತವೆ. ಬಿಳಿಯ ಅಥವಾ ಹಸಿರು ಬಣ್ಣದ ಕರೆ ಕಂಡರೆ ಜೆಟ್ಟಿನಲ್ಲೂ ಅದೇ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬಟ್ಟಲನ್ನು ಹಿಡಿದಿಡುವ ಬೋಲ್ಟಿನೊಳಗೇ ಜೆಟ್ ಇರುವುದರಿಂದ ಅದರ ತೂತುಗಳನ್ನೂ ಬೆಳಕಿಗೆ ಹಿಡಿದು ನೋಡಿ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಉಳಿದದ್ದನ್ನು ನೈಲಾನ್ ಎಳೆಯಿಂದ ತೆಗೆಯಿರಿ. ಜೆಟ್ಟಿನ ಹಿತ್ತಾಳೆ ಮೃದು, ಉಕ್ಕಿನ ಸೂಜಿ ಅದರ ಅಳತೆಯನ್ನೇ ಕೆಡಿಸುತ್ತದೆ.

ಬ್ಲೇಡ್ ನೋಡಲು ಯಂತ್ರವನ್ನು ಮಲಗಿಸುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಕ್ಕೆ ಬರುವಂತೆ ಮಲಗಿಸಿ. ತಿರುಗುಮುರುಗಾದರೆ ಎಂಜಿನ್ ಆಯಿಲ್ ಫಿಲ್ಟರಿಗೂ ಕಾರ್ಬ್ಯುರೇಟರಿಗೂ ಇಳಿದು, ಬಿಳಿ ಹೊಗೆಯೊಂದಿಗೆ ಹೊಸ ತೊಂದರೆಯೇ ಹುಟ್ಟಿಕೊಳ್ಳುತ್ತದೆ.

ಪ್ರಶ್ನೆ: ಕಳೆದ ವರ್ಷ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಎರಡು ಲೀಟರಿನಷ್ಟು ಕ್ಯಾನಿನಲ್ಲಿ ಉಳಿದಿದೆ. ಅದನ್ನೇ ಈ ವರ್ಷ ಕಳೆ ಯಂತ್ರಕ್ಕೆ ಹಾಕಬಹುದೇ? ಎಥನಾಲ್ ಬೆರೆತ ಪೆಟ್ರೋಲಿನಿಂದ ಎಂಜಿನ್ ಕೆಡುತ್ತದೆ ಎನ್ನುವುದು ನಿಜವೇ?
— ಓದುಗರೊಬ್ಬರು, ಪುತ್ತೂರು ತಾಲ್ಲೂಕು

ಉತ್ತರ: ಹಾಕಬೇಡಿ. ಶೇಕಡಾ 20ರಷ್ಟು ಎಥನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು; ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ತಾಜಾ ಇರುವಾಗ ಅದರಿಂದ ತಕ್ಷಣದ ತೊಂದರೆ ಕಾಣಿಸುವುದಿಲ್ಲ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ನೀರು ಒಂದು ಮಿತಿ ದಾಟಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಹೀರುವುದು ತಳದಿಂದಲೇ, ಆ ಪದರದಲ್ಲಿ 2ಟಿ ಆಯಿಲ್ ಇರುವುದಿಲ್ಲ. ಹಾಗಾಗಿ ಎಂಜಿನ್ ತಡವರಿಸುವುದಷ್ಟೇ ಅಲ್ಲ, ಜಿಡ್ಡಿಲ್ಲದೆ ಪಿಸ್ಟನ್ ಕಚ್ಚಿಕೊಳ್ಳಲೂಬಹುದು. ಹಳೆಯ ಮಾದರಿಯ ಸಣ್ಣ ಎಂಜಿನ್‌ಗಳ ಕೈಪಿಡಿಗಳಲ್ಲಿ ಎಥನಾಲ್ ಶೇಕಡಾ 10ನ್ನು ಮೀರಬಾರದೆಂದು ಬರೆದಿರುವುದುಂಟು. ನಿಮ್ಮ ಯಂತ್ರದ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ. ಹಾಗಿದ್ದರೆ ರಬ್ಬರ್ ಕೊಳವೆ ಮತ್ತು ಡಯಾಫ್ರಾಮ್‌ಗಳನ್ನು ಪ್ರತಿ ಹಂಗಾಮಿನ ಮೊದಲು ಪರೀಕ್ಷಿಸುವುದನ್ನು ರೂಢಿಸಿಕೊಳ್ಳಿ.

ಬೆರೆಸುವುದನ್ನು ಒಂದೆರಡು ವಾರಕ್ಕೆ ಸಾಕಾಗುವಷ್ಟಕ್ಕೇ ಸೀಮಿತಗೊಳಿಸಿ. ಕೈಪಿಡಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40 ಮಿಲಿಲೀಟರ್ ಆಯಿಲನ್ನು ಅಳತೆಯ ಲೋಟದಲ್ಲೇ ಅಳೆದು, ಮೊದಲು ಕ್ಯಾನಿನಲ್ಲಿ ಬೆರೆಸಿ ಅಲ್ಲಾಡಿಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ತಣ್ಣಗಾದ ಮೇಲೆ ಪ್ಲಗ್ ರಂಧ್ರದಿಂದ ಕೆಲವು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಿಡಿ.

ಉಳಿದಿರುವ ಹಳೆಯ ಎರಡು ಲೀಟರನ್ನು ತೋಟದ ಬಸಿಗಾಲುವೆಗೋ ಬಾವಿಯ ಆಸುಪಾಸಿಗೋ ಚೆಲ್ಲಬೇಡಿ. ಬಿಗಿ ಮುಚ್ಚಳದ ಕ್ಯಾನಿನಲ್ಲಿ, 'ಹಾಳಾದ ಪೆಟ್ರೋಲ್' ಎಂದು ಬರೆದು, ವಾಹನ ರಿಪೇರಿ ಮಾಡುವ ಗ್ಯಾರೇಜಿಗೆ ಕೊಡಿ. ಹಳೆಯ ಆಯಿಲ್ ಒಟ್ಟುಮಾಡಿ ವಿಲೇವಾರಿ ಮಾಡುವವರು ಅದನ್ನೂ ಒಯ್ಯುತ್ತಾರೆಯೇ ಎಂದು ಅಲ್ಲಿ ವಿಚಾರಿಸಿ.